ಕರು ಪಾತ್ರೆಗೆ ಬಾಯಿಟ್ಟದ್ದು

"ಗುರುಗಳೇ, ಪುಟ್ಟ ಮಕ್ಕಳಿಗೆ ಧರ್ಮವನ್ನು ಕಲಿಸುವುದು ಹೇಗೆ?"

ಕೇಳಿದವನು ನೀಲಕಂಠ. ಮಠದ ಪ್ರಾಥಮಿಕ ಶಾಲೆಯಲ್ಲಿ ಧರ್ಮದ ಪಾಠ ಅವನ ಪಾಲಿಗೆ ಬಂದು ಆರೇಳು ತಿಂಗಳಾಗಿತ್ತು. ಅವನು ತರಗತಿಗೆ ಕಾಲಿಟ್ಟನೆಂದರೆ ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳಿಗೆ ಬಾಯಾರಿಕೆ. ಉಳಿದವರು ಸ್ತೋತ್ರವನ್ನು ಗಿಣಿಪಾಠದಂತೆ ಒಪ್ಪಿಸಿ ಕಿಟಕಿಯ ಕಡೆ ನೋಡುತ್ತಿದ್ದರು. ಆ ಮಕ್ಕಳೆಂದರೆ ಅವನಿಗೆ ಪ್ರಾಣ. ತನ್ನಿಂದಾಗಿ ಅವರಿಗೆ ದೇವರ ಹೆಸರೇ ಬೇಸರವಾಗಿಬಿಟ್ಟರೆ ಎಂಬ ಅಳುಕು ಅವನನ್ನು ತಿನ್ನುತ್ತಿತ್ತು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾನೂ ಬಿಡದೆ ಹಿಡಿದಿದ್ದೇನೆ. ಮಕ್ಕಳೇ ದೂರ ಸರಿಯುತ್ತಿದ್ದಾರೆ. ಈ ಪಾಠವನ್ನು ಬೇರೆ ಯಾರಿಗಾದರೂ ಒಪ್ಪಿಸಿಬಿಡಿ" ಎಂದ.

ಗುರುಗಳು ಅವನ ಸಪ್ಪೆ ಮುಖ ನೋಡಿ ನಕ್ಕರು. ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಮನೆಯ ಹಸು ಕರು ಹಾಕಿದ ಕೆಲವೇ ದಿನಗಳಲ್ಲಿ ಸತ್ತುಹೋಯಿತು. ಆ ಹಸುವನ್ನು ಅವನು ಮನೆಮಗಳಂತೆ ಸಾಕಿದ್ದ. ಕರುವನ್ನಾದರೂ ಉಳಿಸಿಕೊಳ್ಳಬೇಕೆಂದು ನೆರೆಮನೆಯಿಂದ ಹಾಲು ತಂದು, ಅಗಲವಾದ ಪಾತ್ರೆಗೆ ಸುರಿದು ಮುಂದಿಟ್ಟ. ಕರು ಮೂಸಿಯೂ ನೋಡಲಿಲ್ಲ. ಕೆಚ್ಚಲಿಗಾಗಿ ಕತ್ತೆತ್ತುವ ಕರು ಅದು. ಹಾಲು ನೆಲದ ಮೇಲೂ ಇರುತ್ತದೆಂದು ಅದಕ್ಕೆ ಹೇಗೆ ತಿಳಿಯಬೇಕು? ವರ್ತಕ ಕತ್ತು ಹಿಡಿದು ಅದರ ಮೂತಿಯನ್ನು ಹಾಲಿಗೆ ಅದುಮಿದ. ಹಾಲು ಮೂಗಿಗೇರಿ ಕರು ಸೀನಿತು, ಕೆಮ್ಮಿತು, ಪಾತ್ರೆ ಉರುಳಿಸಿ ಓಡಿತು. ಆಮೇಲೆ ಪಾತ್ರೆ ಕಂಡರೇ ಹಿಂದೆ ಸರಿಯತೊಡಗಿತು. ಮರುದಿನಕ್ಕೆ ಅದರ ಹೊಟ್ಟೆ ಬೆನ್ನಿಗೆ ಅಂಟಿತ್ತು. ಇದೂ ಉಳಿಯುವುದಿಲ್ಲವೆಂದು ವರ್ತಕನಿಗೆ ಊಟ ಸೇರದಾಯಿತು.

"ಬೆರಳು ಚೀಪಿಸಿ ನೋಡಿ. ಚೀಪೋದು ಒಂದು ಬಿಟ್ರೆ ಅದಕ್ಕೆ ಬೇರೆ ಏನು ಗೊತ್ತು?" ಎಂದಳು ಹೆಂಡತಿ.

ವರ್ತಕ ಬಲು ಮಡಿವಂತ. ಕರು ಮೂತಿಯಿಟ್ಟ ಪಾತ್ರೆಗೆ ಮತ್ತೆ ಹಾಲು ಸುರಿದನಾದರೂ ಅದರೊಳಗೆ ಕೈ ಹಾಕಲು ಹೇಸಿದ. ಕೈಯನ್ನು ಚೆನ್ನಾಗಿ ತೊಳೆದು, ಪಂಚೆಗೆ ಒರೆಸಿಕೊಂಡು, ಒಣಬೆರಳನ್ನು ಕೊಟ್ಟ. ಕರು ಆಸೆಯಿಂದ ಚೀಪಿತು. ಏನೂ ಸಿಗದೆ ಮುಖ ತಿರುಗಿಸಿತು.

"ನಿಮ್ಮ ಬೆರಳಲ್ಲೇನು ಹಾಲು ಸುರಿಯುತ್ತಾ? ಅದ್ದಿ ಕೊಡಿ ಅಂದ್ರೆ" ಎಂದು ಅವಳು ನಕ್ಕಳು.

ವರ್ತಕ ಮಡಿಯನ್ನು ಅತ್ತ ಇಟ್ಟು ಕೈಯನ್ನು ಹಾಲಿನಲ್ಲಿ ಮುಳುಗಿಸಿದ. ಈ ಸಲ ಕರು ಬೆರಳನ್ನು ಬಿಡಲಿಲ್ಲ. ಚೀಪುತ್ತ ಬಾಲ ಆಡಿಸಿತು. ಅವನು ಕೈಯನ್ನು ಮೆಲ್ಲಗೆ ಪಾತ್ರೆಗೆ ಇಳಿಸಿದ. ಕರುವಿನ ಬಾಯಿಯೂ ಬೆರಳಿನ ಹಿಂದೆಯೇ ಇಳಿದು ಹಾಲು ಮುಟ್ಟಿತು. ಅವನು ಬೆರಳನ್ನು ಯಾವಾಗ ತೆಗೆದನೋ ಕರುವಿಗೆ ಗೊತ್ತೇ ಆಗಲಿಲ್ಲ, ಅದರ ಪಾಡಿಗೆ ಅದು ಕುಡಿಯುತ್ತಿತ್ತು. ವರ್ತಕನ ಕಣ್ಣು ತುಂಬಿ ಬಂತು.

ಕತೆ ಮುಗಿಯುವಷ್ಟರಲ್ಲಿ ನೀಲಕಂಠನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ಕತ್ತು ಹಿಡಿದು ಅದುಮಿದ್ದೇ ನನ್ನ ತಪ್ಪು. ನಾಳೆಯಿಂದ ಕತೆ ಹೇಳುತ್ತೇನೆ, ಹಾಡಿಸುತ್ತೇನೆ, ಪಾಠ ಮುಗಿದ ಮೇಲೆ ಕಲ್ಲುಸಕ್ಕರೆ ಹಂಚುತ್ತೇನೆ."

ಗುರುಗಳು ಅವನ ಬೆನ್ನು ಸವರಿದರು.

"ಅದೆಲ್ಲ ಮಾಡು ಮಗು, ಆದರೆ ಒಣಬೆರಳಿಗೆ ಕರು ಮುಖ ತಿರುಗಿಸಿತಲ್ಲ. ಪಾಠಕ್ಕಾಗಿ ಅಲ್ಲದೆ ನಿನಗಾಗಿ ನೀನು ದೇವರ ಮುಂದೆ ಕೂತು ಎಷ್ಟು ದಿನವಾಯಿತು?"