ಒತ್ತು, ಸೊಂಪು ಮತ್ತು ಮುದ್ದೀರ

ಹೂಂ ಅನ್ನೋರು ಹತ್ತಿರ ಬನ್ನಿ, ಅನ್ನದೋರು ಸುಮ್ಮನೆ ಕೂತ್ಕೊಳ್ಳಿ. ಕತೆ ಇಬ್ಬರಿಗೂ ಒಂದೇ.

ಸೊಪ್ಪು ಬೆಳೆದು ಮಾರುವ ಸಣ್ಣತಾಯಮ್ಮನಿಗೆ ಒಬ್ಬನೇ ಮಗ, ಮುದ್ದೀರ. ಮೈಗಳ್ಳನಲ್ಲ, ಸುಳ್ಳುಗಾರನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕರ್ಮ! ಎಂಟು ಕಡೆ ಹೆಣ್ಣು ಕೇಳಿ ಎಂಟೂ ಕಡೆ ಇಲ್ಲ ಅನ್ನಿಸಿಕೊಂಡಿದ್ದಳು. ಕೊನೆಗೆ ಪಕ್ಕದೂರಿನ ತೋಟಗಾರ ಮರಿಚನ್ನಯ್ಯ, "ಸೋಮವಾರ ಬತ್ತೀನಿ. ಹುಡ್ಗ ಗೇಯೋನಾದ್ರೆ ಮಗಳ್ನ ಕೊಡ್ತೀನಿ" ಅಂದ. ಇದೂ ತಪ್ಪಿದರೆ ಮಗನಿಗೆ ಮದುವೆಯೇ ಇಲ್ಲ ಎಂದು ತಾಯಿಗೆ ದಿಗಿಲು.

"ಮಗ, ಮೆಣಸಿನ ಮಡಿಗೋಗಿ ಸೊಂಪಾಗಿರೋದ್ಕೆಲ್ಲ ಗೊಬ್ಬರ ಹಾಕು ಕಣೋ" ಅಂದಳು.

ಹೋದ, ನೋಡಿದ. ಮೆಣಸಿನ ಗಿಡ ಬಡಕಲು, ಕಳೆ ಸೊಂಪು. ಕಳೆಯ ಬುಡಕ್ಕೆಲ್ಲ ಬುಟ್ಟಿ ಬುಟ್ಟಿ ಗೊಬ್ಬರ ಸುರಿದು ಬಂದ.

"ಅಯ್ಯೋ ಪೆದ್ದೇ! ಕಳೆ ಬೆಳೆಯೋದು ಸೊಂಪಲ್ಲ ಕಣೋ, ಒತ್ತು! ಒತ್ತಾಗಿದ್ರೆ ಒಂದ್ಕೊಂದು ತಾಗ್ದಂಗೆ ಕೀಳ್ಬೇಕು!"

"ಅಂಗೇ ಆಗ್ಲವ್ವ."

ಮಾರನೆಯ ದಿನ ದಂಟಿನ ಮಡಿಗೆ ಹೋದ. ಒತ್ತಾಗಿತ್ತು, ಕಿತ್ತ. ಗಾಳಿ ಬೀಸಿತು, ಉಳಿದವು ತಾಗಿದವು. ಮತ್ತೆ ಕಿತ್ತ. ಮತ್ತೆ ಗಾಳಿ, ಮತ್ತೆ ಕಿತ್ತ. ಸಂಜೆ ಹೊತ್ತಿಗೆ ಮಡಿಯಲ್ಲಿ ಒಂದೇ ದಂಟು!

"ಮನೆಹಾಳ! ಒತ್ತಾಗಿದ್ರೆ ಸೊರಗಿದ್ದನ್ನ ಕಿತ್ತು ಸಾರಿಗಾಕು, ಸೊಂಪಾಗಿರೋದನ್ನ ಅಲ್ಲೇ ಬಿಡು. ಇಷ್ಟೇ ಕಣೋ!"

"ಅಂಗೇ ಆಗ್ಲವ್ವ."

ಸೋಮವಾರ ಮರಿಚನ್ನಯ್ಯ ಬಂದ. ಮಡಿ ನೋಡಿ, "ಇದೇನಮ್ಮ, ಒಂದೇ ದಂಟು?" ಅಂದ.

"ಮಿಕ್ಕಿದ್ದೆಲ್ಲ ಮಾರಾಯ್ತು, ಇದು ಬೀಜಕ್ಕೆ ಬಿಟ್ಟಿರೋದಣ್ಣ" ಅಂದಳು ಸಣ್ಣತಾಯಮ್ಮ, ಕಣ್ಣು ಮಿಟುಕಿಸದೆ. ಅವನಿಗೆ ಖುಷಿಯೋ ಖುಷಿ. ಅಲ್ಲೇ ಮಾತು ಕೊಟ್ಟ.

ವೀಳ್ಯಶಾಸ್ತ್ರದ ದಿನ ಬೀಗರು, ನೆಂಟರು ಸಣ್ಣತಾಯಮ್ಮನ ಮನೆ ತುಂಬಿದರು. ಹುಡುಗ ಹುಡುಗಿಯನ್ನು ಒಂದೇ ಚಾಪೆಯ ಮೇಲೆ ಕೂರಿಸಿದರು. ಮೊಣಕೈಗೆ ಮೊಣಕೈ ತಾಗಿತು. ಮುದ್ದೀರ ಹುಡುಗಿಯನ್ನು ನೋಡಿದ, ಕೆನ್ನೆ ತುಂಬಿಕೊಂಡು ಲಕಲಕ ಅನ್ನುತ್ತಿದ್ದಳು. ತನ್ನ ಕಡ್ಡಿ ತೋಳು ನೋಡಿಕೊಂಡ. ಎದ್ದವನೇ ಒಳಗೆ ಹೋದ.

ತಟ್ಟೆ ಬದಲಾಯಿಸುವ ಹೊತ್ತು, ಹುಡುಗನೇ ಇಲ್ಲ! ಸಣ್ಣತಾಯಮ್ಮ ಅಡುಗೆಮನೆಗೆ ಓಡಿದಳು. ಸಾರಿಗೆಂದು ನೀರು ತುಂಬಿಟ್ಟ ಕೊಪ್ಪರಿಗೆಯೊಳಗೆ ಮುದ್ದೀರ ಕುಕ್ಕರುಗಾಲಲ್ಲಿ ಕೂತಿದ್ದ, ಕತ್ತು ಮಾತ್ರ ಹೊರಗೆ.

"ಏನೋ ಇದು, ನನ್ನ ಹೊಟ್ಟೆ ಉರಿಸೋನೇ!"

"ಚಾಪೆ ಮ್ಯಾಲೆ ಒತ್ತಾಗಿತ್ತವ್ವ. ಆ ಹುಡ್ಗಿ ಸೊಂಪಾಗವ್ಳೆ, ಸೊರಗಿರೋನು ನಾನೇ. ಬೇಗ ಒಲೆ ಹಚ್ಚು, ಬೀಗ್ರು ಹಸ್ಕೊಂಡವ್ರೆ!"