ಮರಿತೋಳನನ್ನು ಅಪ್ಪಾಜಿ ಎಂದ ಕಾಡುಹಂದಿ

ಮಕ್ಕಳೇ, ಮುಳ್ಳುಹಂದಿ ಲಾನ್‌ಶು ಪಟ್ಟಾಭಿಷೇಕದ ಊಟಕ್ಕೆ ಹೋದವಳು ಗೆಣಸಿಗೆ ಬಾಯಿ ಹಾಕದೆ, ಬೆನ್ನಿನ ಮುಳ್ಳೆಲ್ಲ ನಿಮಿರಿಸಿಕೊಂಡು ಎದ್ದು ಬಂದಳು. ಏನಾಗಿತ್ತು, ಹೇಳಿ ನೋಡೋಣ? ಗೆಣಸು ಬೆಂದಿರಲಿಲ್ಲವೇ? ಅಲ್ಲ. ಕೂರಲು ಜಾಗವಿರಲಿಲ್ಲವೇ? ಅದೂ ಅಲ್ಲ. ಕೇಳಿ.

ಹಿಂದೆ ಚೀನಾದ ದೊಡ್ಡ ಕಾಡೊಂದನ್ನು ಮುದಿ ಹುಲಿ ಆಳುತ್ತಿತ್ತು. ಅದು ಸತ್ತದ್ದೇ ತಡ, ಗಡಿ ಕಾಯಲು ಅದು ನೇಮಿಸಿದ್ದ ದಂಡನಾಯಕರೆಲ್ಲ ತಾವೇ ರಾಜರಾದರು. ಗುಡ್ಡಕ್ಕೊಬ್ಬ ರಾಜ, ಹಳ್ಳಕ್ಕೊಬ್ಬ ಮಹಾರಾಜ! ನಡುಗಾಡಿನ ಹುಲಿಪೀಠದ ಮೇಲೆ ಕರಡಿ ಕೂತಿತು. ಕಾಡುಹಂದಿ ಗಾವ್‌ಗೂ ಅದೇ ಪೀಠ ಬೇಕು, ಆದರೆ ಬಲ ಸಾಲದು. ಉತ್ತರದ ಬಯಲಿನ ತೋಳಗಳ ಬಳಿಗೆ ಓಡಿದ.

ತೋಳಗಳ ನಾಯಕ ಇನ್ನೂ ಎಳೆಯ. "ಸಹಾಯ ಮಾಡಿದರೆ ಏನು ಕೊಡ್ತೀಯ?" ಎಂದ.

"ಉತ್ತರದ ಮುಳ್ಳುಬೆಟ್ಟ ಪೂರ್ತಿ ನಿಮ್ಮದು, ಅಪ್ಪಾಜಿ!"

ತೋಳಗಳು ಬಂದವು, ಕರಡಿ ಓಡಿತು, ಗಾವ್ ಪೀಠವೇರಿದ. ಪಟ್ಟಾಭಿಷೇಕದ ಊಟದ ನಡುವೆ, ಮುಳ್ಳುಬೆಟ್ಟದಲ್ಲೇ ಬಿಲ ಮಾಡಿಕೊಂಡಿದ್ದ ಲಾನ್‌ಶುವಿಗೆ ಹೇಳಿದ, "ಲಾನ್‌ಶಕ್ಕ, ನಾಳೆಯೇ ಬಿಲ ಖಾಲಿ ಮಾಡು. ಬೆಟ್ಟವನ್ನು ಅಪ್ಪಾಜಿಗೆ ಕೊಟ್ಟಾಯ್ತು."

ಲಾನ್‌ಶುವಿನ ಮೈಯೆಲ್ಲ ಉರಿದುಹೋಯಿತು. "ಯಾರೋ ಅಪ್ಪಾಜಿ? ನಿನ್ನ ಕೋರೆ ಹಳದಿಯಾದಾಗ ಅವನಿನ್ನೂ ಕಣ್ಣು ಬಿಟ್ಟಿರಲಿಲ್ಲ!"

"ರಾಜಕೀಯ ನಿನಗೆ ತಿಳಿಯಲ್ಲಕ್ಕ. ಅಲ್ಲೇನಿದೆ? ಬರೀ ಮುಳ್ಳು."

"ಆ ಮುಳ್ಳೇ ಈ ಕಾಡಿನ ಬಾಗಿಲ ಅಗುಳಿ! ತೋಳಗಳನ್ನು ತಡೆಯುತ್ತಾ ನನ್ನಜ್ಜ ಸತ್ತದ್ದು, ನಮ್ಮಮ್ಮ ಸತ್ತದ್ದು ಆ ಬೆಟ್ಟದ ಕಣಿವೆಯ ಬಾಯಲ್ಲಿ. ಕೊಡೋಕೆ ಅದೇನು ನಿಮ್ಮಪ್ಪನ ಮನೆ ಗಂಟಾ?"

ನೆರೆದ ಪ್ರಾಣಿಗಳೆಲ್ಲ ತಲೆ ತಗ್ಗಿಸಿ ಗೆಣಸು ಅಗಿದವು. ಅವಳಿಗೆ ತೋಳಕ್ಕಿಂತ ಆ ಅಗಿಯುವ ಸದ್ದಿನ ಮೇಲೇ ಹೆಚ್ಚು ಸಿಟ್ಟು ಬಂತು. ಮರಿಗಳನ್ನು ಕರೆದುಕೊಂಡು ದಕ್ಷಿಣದ ಬಂಡೆಯ ಸಂದಿಗೆ ಹೊರಟುಹೋದಳು.

ಹಿಮ ಬಿತ್ತು. ಹಸಿದ ತೋಳಗಳು ಕಾಯುವವರಿಲ್ಲದ ಕಣಿವೆಯಲ್ಲಿ ಇಳಿದು ಬಂದವು. ಗಾವ್ ಏದುಸಿರು ಬಿಡುತ್ತಾ ಬಂಡೆಯ ಬಳಿ ಬಂದ.

"ಅಕ್ಕಾ, ಹೋಗಿ ಕಣಿವೆ ಮುಚ್ಚು!"

"ಅದೀಗ ನಿನ್ನ ಅಪ್ಪಾಜಿಯ ಹಜಾರ ಕಣೋ. ನಾನ್ಯಾರು ಮುಚ್ಚೋಕೆ?"

"ಒಳಗಾದರೂ ಜಾಗ ಕೊಡಕ್ಕಾ!"

"ನನ್ನ ಜಾಗ ನೀನೇ ಕೊಟ್ಟುಬಿಟ್ಟೆಯಲ್ಲೋ!" ಮರಿಗಳು ಹಿಂದೆ, ಮುಳ್ಳು ಮುಂದೆ. ಪೀಠದ ಮೇಲೆ ಕೂತು ಕೊಬ್ಬಿದ ಗಾವ್ ಆ ಸಂದಿಯಲ್ಲಿ ಹಿಡಿಸುವಂತೆಯೂ ಇರಲಿಲ್ಲ.

ಹಿಂದಿನಿಂದ ಎಳೆಯ ತೋಳ ನಕ್ಕ. "ಏನು ಮಗನೇ, ಅಪ್ಪ ಮನೆಗೆ ಬಂದರೆ ಹೀಗಾ ಓಡೋದು? ಊಟಕ್ಕೆ ಹಾಕಲ್ವಾ?"

ಅಂದು ಸಂಜೆಗೆ, ಗಾವ್‌ನನ್ನು ತಿಂದು ಮುಗಿಸಿ, ಹುಲಿಪೀಠದ ಮೇಲೆ ಕೂತದ್ದು ತೋಳ.

ನೀತಿ: ಪೀಠದ ಆಸೆಗೆ ನಾಡಿನ ಬಾಗಿಲನ್ನೇ ಪರರಿಗೆ ಕೊಟ್ಟವನಿಗೆ ಪೀಠವೂ ಉಳಿಯದು, ಪ್ರಾಣವೂ ಉಳಿಯದು.