ಮಂಜಿನಲ್ಲಿ ಕಂಡ ಬೆನ್ನು

ನಿರ್ವಾಣಯ್ಯ ಗುರುಗಳು ಶಿಷ್ಯರನ್ನು ಧ್ಯಾನಕ್ಕೆ ಕೂರಿಸುತ್ತಿದ್ದದ್ದು ಕಡಿಮೆ. ಬೆಟ್ಟ ಗುಡ್ಡಗಳಲ್ಲಿ ಓಡಿಸುತ್ತಿದ್ದದ್ದೇ ಹೆಚ್ಚು. ತಾವೂ ಜೊತೆಗೆ ಓಡುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಹಾಲೇಶನನ್ನು ಕರೆದರು.

"ಇವತ್ತು ಪಡುವಣ ಬೆಟ್ಟ ಹತ್ತಿ ಇಳಿಯೋಣ. ಹೊತ್ತು ಮುಳುಗುವುದರೊಳಗೆ ಆಚೆಯ ಹೊಳೆ ಸೇರಬೇಕು."

"ಆ ಕಡೆ ಯಾರೂ ಹೋಗುವುದಿಲ್ಲವಲ್ಲ, ಬುದ್ಧಿ. ನೀವು ಹೋಗಿದ್ದೀರಾ?"

"ಇಲ್ಲ."

ಹಾಲೇಶ ನಕ್ಕ. "ನೀವು ಮುಂದಿದ್ದರೆ ನನಗೇನು ಭಯ?"

ಗುರುಗಳು ಮುಂದೆ, ಹಾಲೇಶ ಹಿಂದೆ. ಬಂಡೆ ಹತ್ತಿದರು, ಮುಳ್ಳುಪೊದೆ ನುಸುಳಿದರು, ಸಡಿಲ ಕಲ್ಲುಗಳ ಮೇಲೆ ಜಾರುತ್ತ ಓಡಿದರು. ಮಧ್ಯಾಹ್ನದ ಹೊತ್ತಿಗೆ ಮಂಜು ಕವಿಯಿತು. ಹಕ್ಕಿಗಳು ಸುಮ್ಮನಾದವು.

ಹಾಲೇಶನಿಗೆ ಕಾಣುತ್ತಿದ್ದದ್ದು ಕಾವಿ ಬಟ್ಟೆಯ ಬೆನ್ನು ಮಾತ್ರ. ಆ ಬೆನ್ನು ತಿರುಗಿದತ್ತ ತಿರುಗಿದ. ಅದು ಹಾರಿದಲ್ಲಿ ಹಾರಿದ. ಯೋಚಿಸುವ ಕೆಲಸವೇ ಇರಲಿಲ್ಲ. ಮನಸ್ಸು ಹಗುರಾಯಿತು.

"ಬುದ್ಧಿ, ಸ್ವಲ್ಪ ನಿಧಾನ!"

ಉತ್ತರ ಬರಲಿಲ್ಲ. ಆದರೆ ಆ ಬೆನ್ನು ನಿಂತಿತು. ಅವನು ಹತ್ತಿರವಾಗುವ ತನಕ ಕಾದು, ಮತ್ತೆ ಓಡಿತು. ಅದರ ಕಾಲಡಿಯಲ್ಲಿ ಒಂದು ಕಲ್ಲೂ ಸದ್ದು ಮಾಡುತ್ತಿರಲಿಲ್ಲ.

"ಹಾಲೇಶಾ! ನಿಲ್ಲೋ!"

ಗುರುಗಳ ದನಿ. ಬಂದದ್ದು ಹಿಂದಿನಿಂದ.

ಹಾಲೇಶ ಗಕ್ಕನೆ ನಿಂತ. ಅವನ ಹೆಬ್ಬೆರಳು ತಾಕಿ ಒಂದು ಕಲ್ಲು ಉರುಳಿತು. ಅದು ಬಿದ್ದ ಸದ್ದು ಕೇಳಲೇ ಇಲ್ಲ.

ಮಂಜು ಒಂದು ಗಳಿಗೆ ಸರಿಯಿತು. ಅವನ ಪಾದದ ಮುಂದೆ ನೆಲವಿರಲಿಲ್ಲ. ಆಚೆ, ಬರಿಯ ಗಾಳಿಯಲ್ಲಿ, ಆ ಬೆನ್ನು ಅವನಿಗಾಗಿ ಕಾಯುತ್ತ ನಿಂತಿತ್ತು.

ಮಂಜು ಮತ್ತೆ ಮುಚ್ಚಿಕೊಂಡಿತು.

ಹಿಂದಿನಿಂದ ಗುರುಗಳು ಏದುಸಿರು ಬಿಡುತ್ತ, ಕುಂಟುತ್ತ ಬಂದರು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು.

"ಬಿದ್ದುಬಿಟ್ಟೆ. ಆಗಿನಿಂದ ಕೂಗುತ್ತಿದ್ದೇನೆ. ನೀನು ನನ್ನನ್ನು ದಾಟಿಕೊಂಡೇ ಹೋದೆ."

"ನಾನು ನಿಮ್ಮ ಹಿಂದೆಯೇ ಇದ್ದೆ, ಬುದ್ಧಿ."

"ಮುಖ ನೋಡಿದೆಯಾ?"

"ಇಲ್ಲ. ಬೆನ್ನು ನಿಮ್ಮದೇ ಆಗಿತ್ತು."

ಗುರುಗಳು ಕೈ ಚಾಚಿದರು. "ಬಾ, ಇಳಿಯೋಣ."

ಹಾಲೇಶ ಆ ಕೈ ಹಿಡಿಯಲಿಲ್ಲ.

"ನೀವು ನನ್ನ ಗುರುಗಳೇ ಅಂತ ನಾನು ಹೇಗೆ ನಂಬಲಿ?"

ಗುರುಗಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಪಕ್ಕಕ್ಕೆ ಸರಿದು, ಅವನಿಗೆ ದಾರಿ ಬಿಟ್ಟರು.

ಹಾಲೇಶ ಮುಂದಾದ. ಪ್ರತಿ ಕಲ್ಲನ್ನೂ ಕಾಲಿನಿಂದ ಒತ್ತಿ ನೋಡಿ, ಅಲುಗದಿದ್ದರೆ ಮಾತ್ರ ಭಾರ ಹಾಕಿದ. ಎಡವಿದ, ದಾರಿ ತಪ್ಪಿದ, ಮತ್ತೆ ಹುಡುಕಿದ. ಹಿಂದೆ ಹೆಜ್ಜೆ ಸದ್ದು ಬರುತ್ತಲೇ ಇತ್ತು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಬ್ಬುಗತ್ತಲಿಗೆ ಹೊಳೆ ಸಿಕ್ಕಿತು. ಗುರುಗಳು ದಡದಲ್ಲಿ ಕುಳಿತು ಮೊಣಕಾಲು ತೊಳೆದುಕೊಂಡರು. ಹಾಲೇಶ ದೂರದಲ್ಲೇ ನಿಂತಿದ್ದ.

"ಬುದ್ಧಿ, ಬೆಟ್ಟದ ಮೇಲೆ ನಾನೊಂದು ಕೇಳಿದೆ. ನೀವು ಹೇಳಲಿಲ್ಲ."

ಗುರುಗಳು ನೀರಿನಿಂದ ಕಣ್ಣೆತ್ತಲಿಲ್ಲ.

"ಅದನ್ನು ನೀನು ಬೆಳಿಗ್ಗೆ ಹೊರಡುವಾಗಲೇ ಕೇಳಬೇಕಿತ್ತು."